ಶೇಂಗಾ ಕಣದ ಐಸ್ ಹಾಕಿ

ನಮ್ಮ ಕಡೆಯ ಮಕ್ಕಳು ಐಸ್ ಹಾಕಿ ಲೀಗ್ ಆಡುತ್ತಾರೆ ಎಂದರೆ ಹೊರಗಿನವರು ಮೊದಲು ನಗುತ್ತಾರೆ. ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಚಳ್ಳಕೆರೆಯಲ್ಲಿ ಐಸ್ ಸಿಗುವುದು ಕಬ್ಬಿನ ಹಾಲಿನ ಗಾಡಿಯಲ್ಲಿ, ಗೋಣಿತಾಟಿನ ಅಡಿಯಲ್ಲಿ. ಬೇಸಿಗೆ ಬಂತೆಂದರೆ ಅದೂ ಮಧ್ಯಾಹ್ನದೊಳಗೆ ಕರಗಿರುತ್ತದೆ. ಆದರೂ ಲೀಗ್ ಇದೆ. ಅದು ಹುಟ್ಟಿದ್ದು ನಮ್ಮಪ್ಪನ ಎಣ್ಣೆ ಮಿಲ್ಲಿನ ಹಿಂದಿನ ಕಣದಲ್ಲಿ, ನನ್ನ ಕಣ್ಣೆದುರಿಗೇ.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಆಟಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಪಿ.ಟಿ. ಮೇಷ್ಟ್ರು ರಜೆ ಹಾಕಿದ ದಿನ ಮಕ್ಕಳನ್ನು ಮೈದಾನಕ್ಕೆ ಬಿಟ್ಟು ಬೇವಿನ ಮರದ ಕೆಳಗೆ ಕೂತು ಪೇಪರ್ ತಿದ್ದುತ್ತಿದ್ದೆ, ಅಷ್ಟೇ. ಅಪ್ಪನ ಮಿಲ್ಲು ಬಳ್ಳಾರಿ ರಸ್ತೆಯ ಬದಿಗಿದೆ. ದೊಡ್ಡ ಯಂತ್ರಗಳು ನಿಂತು ಬಹಳ ವರ್ಷವಾಯಿತು. ಈಗ ವಾರಕ್ಕೆರಡು ದಿನ ಒಂದು ಸಣ್ಣ ಗಾಣ ತಿರುಗುತ್ತದೆ, ಕೊಳ್ಳುವವರು ಡಬ್ಬ ಹಿಡಿದು ಬರುತ್ತಾರೆ. ಹಿಂದುಗಡೆ ಶೇಂಗಾ ಒಣಗಿಸಲು ಅಜ್ಜ ಹಾಕಿಸಿದ ಸಿಮೆಂಟಿನ ಕಣ ಹಾಗೇ ಇದೆ. ಎರಡು ತಲೆಮಾರು ಕಾಳು ಎಳೆದಾಡಿ, ಎಣ್ಣೆ ಹೀರಿ, ಅದು ಕಪ್ಪುಗಲ್ಲಿನ ಹಾಗೆ ನುಣುಪಾಗಿತ್ತು. ಅಪ್ಪ ಆಗಲೂ ಅದನ್ನು ದಿನಾ ಬೆಳಿಗ್ಗೆ ಗುಡಿಸಿಸುತ್ತಿದ್ದರು.

ಆಗ ನನ್ನ ಮಗಳಿಗೆ ಹನ್ನೊಂದು ವರ್ಷ. ನನ್ನ ನಾದಿನಿ ಅವಳಿಗೆ ದಾವಣಗೆರೆಯಿಂದ ಚಕ್ರದ ಶೂ ತಂದುಕೊಟ್ಟಿದ್ದಳು. ಊರಿನ ರಸ್ತೆಗಳು ಆ ಶೂಗೆ ಹೇಳಿ ಮಾಡಿಸಿದವಲ್ಲ. ಹಾಗಾಗಿ ಭಾನುವಾರ ತಾತನ ಕಣಕ್ಕೆ ಬಂದು ಗೋಡೆ ಹಿಡಿದು ಓಡಾಡುತ್ತಿದ್ದಳು.

ಅಂಥ ಒಂದು ಭಾನುವಾರ ಒಬ್ಬ ಮನುಷ್ಯ ಎಣ್ಣೆಗೆಂದು ಬಂದ. ವಯಸ್ಸು ಮೂವತ್ತರ ಆಸುಪಾಸು, ಗಾಳಿಗೆ ಒಡೆದ ಕೆಂಪು ಕೆನ್ನೆ. ಕುದಾಪುರದ ಕಡೆ ಎದ್ದಿರುವ ಕ್ಯಾಂಪಸ್ಸೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ, ಊರು ಲಡಾಖ್. ಡಬ್ಬ ತುಂಬಿ ಅರ್ಧ ಗಂಟೆಯಾದರೂ ಅವನು ಹೋಗಲಿಲ್ಲ. ಕಣದ ಅಂಚಿನಲ್ಲಿ ನಿಂತು ನನ್ನ ಮಗಳ ಕಾಲನ್ನೇ ನೋಡುತ್ತಿದ್ದ. ಕೊನೆಗೆ ಅಪ್ಪನ ಹತ್ತಿರ ಬಂದು, ಕಣದ ಮೇಲೆ ಒಂದು ಸಲ ನಡೆಯಬಹುದೇ ಎಂದು ಹಿಂದಿಯಲ್ಲಿ ಕೇಳಿದ. ಮಾರ್ಕೆಟ್ಟಿನಲ್ಲಿ ಉರ್ದು ಆಡಿ ಬಲ್ಲ ಅಪ್ಪ ತಲೆಯಾಡಿಸಿದರು.

ಅವನು ಶೂ ಬಿಚ್ಚಿಟ್ಟು ಕಣಕ್ಕೆ ಇಳಿದ. ಮಂಡಿಯೂರಿ ಕೂತು ಬೆರಳ ಗೆಣ್ಣಿನಿಂದ ನೆಲವನ್ನು ಬಡಿದ, ಕಿವಿಯಿಟ್ಟು ಕೇಳಿದ. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಬಡಿದ. ಹೀಗೇ ಕಣವನ್ನೆಲ್ಲ ಸುತ್ತಿದ.

"ಏನ್ ಕೇಳಿಸ್ತೈತಪ್ಪಾ ಅಲ್ಲಿ?" ಎಂದರು ಅಪ್ಪ, ನಗು ತಡೆದುಕೊಂಡು.

ಅವನು ವಿವರಿಸಿದ. ಚಳಿಗಾಲದಲ್ಲಿ ಅವರ ಊರಿನ ಕೆರೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಆಟಕ್ಕೆ ಇಳಿಯುವ ಮುಂಚೆ ಹೀಗೆ ಬಡಿದು ನೋಡಬೇಕು. ಎಲ್ಲಿ ಗಟ್ಟಿ, ಎಲ್ಲಿ ತೆಳು ಅಂತ ಸದ್ದೇ ಹೇಳುತ್ತದೆ. "ನಿಮ್ಮ ನೆಲ ಬಹಳ ಒಳ್ಳೇದು. ಆ ಮೂಲೆ ಮಾತ್ರ ಕೆಳಗೆ ಟೊಳ್ಳು," ಎಂದು ಬೇವಿನ ಮರದ ಕಡೆಯ ಮೂಲೆಯನ್ನು ತೋರಿಸಿದ.

ಅಪ್ಪನ ಮುಖದಿಂದ ನಗು ಹೋಯಿತು. "ಅಲ್ಲಿ ನಮ್ಮಪ್ಪನ ಕಾಲದ ಎಣ್ಣೆ ತೊಟ್ಟಿ ಇತ್ತು," ಎಂದು ನನಗೆ ಮೆಲ್ಲಗೆ ಹೇಳಿದರು. "ನಾ ಸಣ್ಣೋನಿದ್ದಾಗ ಮುಚ್ಚಿಸಿ ಮೇಲೆ ಗಾರೆ ಹಾಕಿಸಿದ್ರು. ನನ್ನ ಬಿಟ್ರೆ ಅದು ಗೊತ್ತಿರೋ ಜೀವ ಇನ್ನೊಂದಿಲ್ಲ."

ನನಗೂ ಅದು ಅವತ್ತೇ ಗೊತ್ತಾದದ್ದು. ಹುಟ್ಟಿದಾಗಿನಿಂದ ಓಡಾಡಿದ ನೆಲದ ಹೊಟ್ಟೆಯಲ್ಲಿರುವುದನ್ನು ಎಲ್ಲಿಂದಲೋ ಬಂದವನೊಬ್ಬ ಬೆರಳಲ್ಲಿ ಬಡಿದು ಹೇಳಿದ್ದ. ಮುಂದಿನ ಭಾನುವಾರ ನಾಲ್ಕು ಮಕ್ಕಳನ್ನು ಆಡಿಸಲೇ ಎಂದು ಅವನು ಕೇಳಿದಾಗ ಅಪ್ಪ ಗೇಟಿನ ಬೀಗದ ಕೈಯನ್ನೇ ಕೊಟ್ಟುಬಿಟ್ಟರು.

ನಾಲ್ವರು ಮೂರು ವಾರದಲ್ಲಿ ಹದಿನಾಲ್ಕು ಮಂದಿಯಾದರು, ನನ್ನ ಮಗಳನ್ನು ಬಿಟ್ಟರೆ ಎಲ್ಲರೂ ನನ್ನ ಶಾಲೆಯವರೇ. ಬೆಂಗಳೂರಿನ ಗೆಳೆಯರು ಉಪಯೋಗಿಸಿ ಬಿಟ್ಟ ಚಕ್ರದ ಶೂಗಳನ್ನು ಅವನು ಒಂದು ಚೀಲ ತುಂಬ ತಂದ. ನನ್ನ ಮಗಳ ಶೂವೂ ಸೇರಿ ಎಂಟು ಜೊತೆಯಾದವು. ಅವನು ತಂದದ್ದು ಯಾವುದೂ ಯಾರ ಕಾಲಿಗೂ ಸರಿಹೊಂದುವಂತಿರಲಿಲ್ಲ, ಮಕ್ಕಳು ಬೆರಳಿನ ಕಡೆ ಬಟ್ಟೆ ತುರುಕಿ ಹಾಕಿಕೊಂಡರು. ದಾಂಡಿನ ಆಕಾರವನ್ನು ಅವನು ಇದ್ದಿಲಿನಲ್ಲಿ ನೆಲದ ಮೇಲೆ ಬರೆದು ತೋರಿಸಿದ, ಪಕ್ಕದ ಬಡಗಿ ಬಿದಿರಿಗೆ ಹಲಗೆ ತುಂಡು ಜೋಡಿಸಿಕೊಟ್ಟ. ಈ ಆಟಕ್ಕೆ ಚೆಂಡಿಲ್ಲ, ಚಪ್ಪಟೆಯ ರಬ್ಬರ್ ಗಾಲಿಯಂಥದ್ದು ಬೇಕು. ಅಪ್ಪ ಮಿಲ್ಲಿನ ಹಳೆಯ ಬೆಲ್ಟನ್ನು ದುಂಡಗೆ ಕೊಯ್ಯಿಸಿ ಒಂದರ ಮೇಲೊಂದು ಅಂಟಿಸಿಕೊಟ್ಟರು. ಮಕ್ಕಳು ಅದಕ್ಕೆ ಬಿಲ್ಲೆ ಎಂದು ಹೆಸರಿಟ್ಟರು. ಕುಂಟೆಬಿಲ್ಲೆ ಆಡಿ ಬೆಳೆದವರು ಇನ್ನೇನೆಂದಾರು?

ಅವನು ಮೊದಲು ಕಲಿಸಿದ್ದು ಬೀಳುವುದನ್ನು. ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಕಲಿತ ಕನ್ನಡದಲ್ಲಿ, "ಬೀಳು. ಚೆನ್ನಾಗಿ ಬೀಳು. ಇನ್ನೂ ಚೆನ್ನಾಗಿ ಬೀಳು," ಎಂದು ಕೂಗುತ್ತಿದ್ದ. ಮಕ್ಕಳು ಎರಡು ಭಾನುವಾರ ಪೂರ್ತಿ ಬಿದ್ದರು. ತಾಯಂದಿರು ಮೊಣಕೈ ಗಾಯ ನೋಡಿ ನನ್ನನ್ನು ಬೈದರು. ಮೂರನೆಯ ವಾರ ಎಂಟು ಮಕ್ಕಳು ಒಬ್ಬರ ಹಿಂದೊಬ್ಬರು ಕಣವನ್ನು ಸುತ್ತತೊಡಗಿದರು. ಮೊದಲು ಚಕ್ರಗಳ ಗರಗರ ಸದ್ದು, ಆಮೇಲೆ ಸದ್ದೆಲ್ಲ ಸೇರಿ ಒಂದೇ ಗುಂಯ್ ಎಂಬ ನಾದ. ತರಗತಿಯಲ್ಲಿ ಡೆಸ್ಕಿನ ಕೆಳಗೆ ಮುದುಡಿ ಕೂರುವ ಮಕ್ಕಳೇ ಇವರು? ಭಿನ್ನರಾಶಿ ಎಂದರೆ ಬೆವರುವ ಹುಡುಗಿ ಕೈಚಾಚಿ, ಮೈ ಬಾಗಿಸಿ, ನಗುತ್ತಾ ನನ್ನ ಮುಂದಿನಿಂದ ಹಾದುಹೋದಳು. ಕೈಯಲ್ಲಿದ್ದ ಟೀ ಆರಿಹೋದದ್ದು ನನಗೆ ತಿಳಿಯಲೇ ಇಲ್ಲ.

ಎದುರಾಳಿ ಇಲ್ಲದೆ ಆಟವೆಂಥದು? ಬಿ.ಎಡ್.ನಲ್ಲಿ ನನ್ನ ಜೊತೆ ಓದಿದ ಗೆಳತಿ ಮೊಳಕಾಲ್ಮುರಿನಲ್ಲಿ ಟೀಚರ್. ಒಂದು ಭಾನುವಾರ ನಮ್ಮ ಮನೆಗೆ ಬಂದವಳು ಕಣದ ಆಟ ನೋಡಿ, "ಲೇ, ಇದು ನಮ್ಮೂರಿಗೂ ಬೇಕೇ ಬೇಕು," ಎಂದಳು. ಅಲ್ಲಿನ ನೇಕಾರರ ಕಾಲೊನಿಯ ಸಮುದಾಯ ಭವನದ ಮುಂದೆ ಕಾಂಕ್ರೀಟಿನ ಅಂಗಳವಿತ್ತು. ಎರಡು ತಿಂಗಳಲ್ಲಿ ಅಲ್ಲೊಂದು ತಂಡ ಎದ್ದಿತು. ಮೂರನೆಯ ತಂಡ ಕುದಾಪುರದ್ದು. ಕ್ಯಾಂಪಸ್ಸಿನ ಕ್ವಾರ್ಟರ್ಸಿನ ಮಕ್ಕಳೂ, ಮುಂಚೆ ಅಲ್ಲಿದ್ದ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುತ್ತಿದ್ದವರ ಮಕ್ಕಳೂ ಅದರಲ್ಲಿದ್ದರು. ಕ್ಯಾಂಪಸ್ಸಿನ ಗೋಡೆ ಎದ್ದ ಮೇಲೆ ಅದರ ಆಚೀಚೆಯ ಮಕ್ಕಳು ಒಂದೇ ಬನಿಯನ್ ಹಾಕಿದ್ದು ಅದೇ ಮೊದಲಿರಬೇಕು.

ಎಲ್ಲರಿಗೂ ಸೇರಿ ಇದ್ದದ್ದು ಅದೇ ಎಂಟು ಜೊತೆ ಶೂ. ಆದ್ದರಿಂದ ಲೀಗಿನ ಮೊದಲ ನಿಯಮ ಹೀಗಾಯಿತು: ಒಂದೊಂದು ಕಡೆಗೆ ನಾಲ್ವರು ಚಕ್ರದ ಮೇಲೆ, ಗೋಲು ಕಾಯುವ ಗೋಲಿ ಬರಿಗಾಲಲ್ಲಿ. ಆಟಗಾರರು ಬದಲಾಗುವಾಗ ಶೂಗಳೂ ಕಾಲು ಬದಲಾಯಿಸಬೇಕು. ಅಲ್ಲಿಯವರೆಗೆ ಆಟ ನಿಲ್ಲುತ್ತಿತ್ತು, ಅಪ್ಪ ಗಡಿಯಾರ ನಿಲ್ಲಿಸುತ್ತಿದ್ದರು. ಬಿಸಿಲೇರಿದರೆ ಕಣ ಕಾದು ಬರಿಗಾಲಿನ ಗೋಲಿ ನಿಲ್ಲಲಾರದ್ದರಿಂದ ಪಂದ್ಯಗಳೆಲ್ಲ ಬೆಳಿಗ್ಗೆ ಆರೂವರೆಗೇ.

ಮೊದಲ ಪಂದ್ಯಕ್ಕೆ ನಾವು ಟೆಂಪೊ ಮಾಡಿಕೊಂಡು ಮೊಳಕಾಲ್ಮುರಿಗೆ ಹೋದೆವು. ಅಂಗಳದ ಎರಡೂ ತುದಿಯ ಗೋಲುಗಳನ್ನು ನೋಡಿ ನಮ್ಮ ಮಕ್ಕಳು ಬಾಯಿ ಬಿಟ್ಟು ನಿಂತರು. ಮಗ್ಗದಲ್ಲಿ ಮಿಕ್ಕ ರೇಷ್ಮೆ ಎಳೆಗಳನ್ನು ಹುರಿ ಮಾಡಿ ಅಲ್ಲಿನ ಹೆಂಗಸರು ಬಲೆ ಕಟ್ಟಿದ್ದರು. ಕುಂಕುಮದ ಕೆಂಪು, ಗಿಳಿಹಸಿರು, ಅರಿಶಿನ, ಎಲ್ಲ ಬಣ್ಣವೂ ಅದರಲ್ಲಿತ್ತು. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ಅದು ಹೊಳೆಯಿತು.

ಆ ಬಲೆಯ ಮುಂದೆ ಹದಿಮೂರರ ಒಬ್ಬ ಹುಡುಗಿ ನಿಂತಿದ್ದಳು. ಸಣಕಲು ಮೈ, ಬಿಗಿಯಾಗಿ ಹೆಣೆದ ಎರಡು ಜಡೆ. ಕಾಲಿಗೆ ಶೇಂಗಾ ಸಿಪ್ಪೆ ತುಂಬಿದ ಗೋಣಿಯ ರಕ್ಷೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗೋಲಿನಲ್ಲಿ ಮೌನ. ನನ್ನ ಮಗಳು ಬಿಲ್ಲೆಯನ್ನು ತಳ್ಳಿಕೊಂಡು ಬಂದು ಎಡಕ್ಕೆಂದು ತೋರಿಸಿ ಬಲಕ್ಕೆ ಹೊಡೆದಳು. ಹುಡುಗಿ ಆಗಲೇ ಬಲಕ್ಕಿದ್ದಳು. ಮತ್ತೊಬ್ಬ ನೇರ ಹೊಡೆದ, ಅವಳ ಮಂಡಿಗೆ ಬಡಿದು ಬಿಲ್ಲೆ ಹಿಂದಕ್ಕೆ ಬಂತು. ಐದಾರು ಏಟಿಗೆ ಗೋಣಿ ಹರಿದು ಸಿಪ್ಪೆಯೆಲ್ಲ ಅಂಗಳದ ತುಂಬ ಚೆಲ್ಲಿತು. ಆಟ ನಿಲ್ಲಿಸಿ ಎರಡೂ ತಂಡದವರು ಗುಡಿಸಿದರು. ಅವಳ ಅವ್ವ ಓಡಿಬಂದು, "ದೆಬ್ಬ ತಗಿಲಿಂದಾ?" ಎಂದು ಪೆಟ್ಟಾಯಿತೇನೋ ಅಂತ ಮಂಡಿ ಮುಟ್ಟಿ ನೋಡಿದಳು. ಹುಡುಗಿ "ಲೇದಮ್ಮಾ" ಎಂದು ಅವ್ವನ ಕೈಯನ್ನು ಮೆಲ್ಲಗೆ ಸರಿಸಿ ಮತ್ತೆ ಗೋಲಿಗೆ ನಿಂತಳು.

ಅವತ್ತು ನಾವು ಒಂದು ಗೋಲನ್ನೂ ಹೊಡೆಯಲಿಲ್ಲ. ಪಂದ್ಯ ಮುಗಿದ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತಾಗ ನಾನೇ ಅವಳನ್ನು ಕೇಳಿದೆ.

"ಬಿಲ್ಲೆ ಎಲ್ಲಿಗೆ ಬರ್ತದೆ ಅಂತ ನಿನಗೆ ಹೆಂಗ್ ಗೊತ್ತಾಗ್ತದಮ್ಮ?"

ಅವಳು ನಾಚಿಕೊಂಡಳು. "ನಮ್ಮವ್ವ ಮಗ್ಗದಾಗೆ ಕೂತ್ರೆ ನಾ ಪಕ್ಕದಾಗೆ ಎಳೆ ನೋಡ್ತೀನಿ ಮಿಸ್. ಎಳೆ ಹರಿದ್ರೆ ತಕ್ಷಣ ಹೇಳ್ಬೇಕು. ಲಾಳಿ ಓಡ್ತಾ ಇರ್ತೈತೆ, ಅದನ್ನ ನೋಡ್ಕೋತ ಕೂತ್ರೆ ಎಳೆ ಕಾಣಲ್ಲ. ಅವ್ವನ ಭುಜ ನೋಡ್ಬೇಕು. ಭುಜ ಅಲ್ಲಾಡಿದ್ರೆ ಲಾಳಿ ಈ ಕಡೆ ಬರ್ತೈತೆ ಅಂತ. ಇಲ್ಲೂ ಹಂಗೇ."

ಲಡಾಖಿನವನಿಗೆ ನಾನು ಇದನ್ನು ಹಿಂದಿಯಲ್ಲಿ ಹೇಳಿದೆ. ಅವನು ತಿನ್ನುವುದನ್ನು ನಿಲ್ಲಿಸಿದ. "ಮೇಡಂ, ನಮ್ಮ ಕಡೆ ಇದನ್ನು ಕಲಿಸೋಕೆ ಐದು ವರ್ಷ ಬೇಕು," ಎಂದ.

ಮೂರು ವರ್ಷ ಲೀಗ್ ನಡೆಯಿತು. ಸೋತವರು ಅತ್ತರು, ಗೆದ್ದವರು ಕುಣಿದರು, ಒಂದು ಸಲ ತೀರ್ಪಿನ ಮೇಲೆ ಜಗಳವಾಗಿ ಕುದಾಪುರದವರು ಅರ್ಧ ಆಟಕ್ಕೇ ಎದ್ದುಹೋಗಿ, ಮರುವಾರ ಅವರೇ ವಾಪಸು ಬಂದರು. ನಾಲ್ಕನೆಯ ವರ್ಷ ಆ ಲಡಾಖಿನವನು ಒಂದು ಸುದ್ದಿ ತಂದ. ಜನವರಿಯಲ್ಲಿ ಅವನ ಊರಿನ ಕೆರೆಯ ಮೇಲೆ ಸುತ್ತಲ ಹಳ್ಳಿಗಳ ಮಕ್ಕಳ ಪಂದ್ಯಗಳಿವೆ, ನಮ್ಮ ಲೀಗಿನಿಂದ ಒಂಬತ್ತು ಮಕ್ಕಳನ್ನು ಕರೆದಿದ್ದಾರೆ. ಹೋಗಿಬರುವ ಏರ್ಪಾಡು ಅಲ್ಲಿನ ಆಟದ ಸಂಘದ್ದೇ. ಹೆಣ್ಣುಮಕ್ಕಳ ಜೊತೆಗೆ ನಾನು ಬರಬೇಕು.

ಮೊಳಕಾಲ್ಮುರಿನ ಗೋಲಿ ಬರದಿದ್ದರೆ ಯಾರು ಹೋಗಿಯೂ ಪ್ರಯೋಜನವಿರಲಿಲ್ಲ. ನಾನು ಅವಳ ಮನೆಗೆ ಹೋದೆ. ಅವಳ ಅವ್ವ ಮಗ್ಗ ನಿಲ್ಲಿಸಿ, ಕಾಲು ಇಳಿಬಿಟ್ಟಿದ್ದ ಮಗ್ಗದ ಗುಂಡಿಯಿಂದ ಮೇಲೆ ಬಂದು ಕೂತಳು. ಚಳಿ, ದೂರ, ವಿಮಾನ, ಯಾವುದರ ಬಗ್ಗೆಯೂ ಕೇಳಲಿಲ್ಲ.

"ಅಲ್ಲಿ ಕೆರೆ ನೀರೇ ಕಲ್ಲಾಗ್ತೈತಂತೆ. ನಿಜಾನಾ ಮಿಸ್?"

"ನಿಜ ಅಂತಾರಮ್ಮ. ನಾನೂ ನೋಡಿಲ್ಲ."

ಅವಳು ಮಗಳ ಮುಖ ನೋಡಿದಳು. "ಹಂಗಾದ್ರೆ ಹೋಗ್ಬರ್ಲಿ ಬಿಡ್ರಿ. ಅಂಥಾದ್ದು ನೋಡಿದೋಳು ಮನೇಲಿ ಒಬ್ಬಳಾದ್ರೂ ಇರ್ಲಿ."

ಇನ್ನೊಂದು ತೊಡಕಿತ್ತು. ಇಷ್ಟು ವರ್ಷ ಬರಿಗಾಲಲ್ಲಿ ಗೋಲು ಕಾದ ಹುಡುಗಿ ಚಕ್ರದ ಶೂ ಮೆಟ್ಟಿದವಳೇ ಅಲ್ಲ. ಐಸಿನ ಮೇಲೆ ಗೋಲಿಗೂ ಉಕ್ಕಿನ ಅಲಗಿನ ಶೂ ಬೇಕೇ ಬೇಕು. ಮೂರು ತಿಂಗಳು ಅವಳು ದಿನವೂ ಸಂಜೆ ಶಾಲೆ ಮುಗಿದ ಮೇಲೆ ಚಕ್ರದ ಶೂ ಕಟ್ಟಿಕೊಂಡು ಆ ಅಂಗಳದಲ್ಲಿ ಬಿದ್ದು ಎದ್ದು ಕಲಿತಳು. ನಿಲ್ಲುವುದೇನೋ ಬಂತು. ಪಕ್ಕಕ್ಕೆ ಸರಿಯುವುದು ಮಾತ್ರ ಬರಲಿಲ್ಲ.

ವಿಮಾನ ಇಳಿದ ಮೇಲೆ ಎರಡು ದಿನ ಉಸಿರಾಟ ಸರಿಹೋಗಲೆಂದು ನಮ್ಮನ್ನು ಮಲಗಿಸಿಯೇ ಇಟ್ಟರು. ಮೂರನೆಯ ದಿನ ಬೆಳಿಗ್ಗೆ ಅವನ ಊರಿಗೆ ಹೋದೆವು. ಸುತ್ತಲೂ ಮರವಿಲ್ಲದ ಬೋಳು ಬೆಟ್ಟಗಳು. ಮೊಳಕಾಲ್ಮುರಿನ ಬಳಿಯ ಬ್ರಹ್ಮಗಿರಿಯ ಬಂಡೆಗಳನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಆ ಬೋಳುತನ ಹೊಸದಲ್ಲ. ಹೊಸದಾಗಿದ್ದದ್ದು ಕೆರೆ. ಅದು ತಿಳಿನೀಲಿ ಬಣ್ಣದಲ್ಲಿ ಅಲ್ಲಾಡದೆ ಬಿದ್ದಿತ್ತು. ಅದರ ಮೇಲೆ ಒಬ್ಬಳು ಮುದುಕಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ನಮ್ಮೂರ ಹೊಲದ ಬದುವಿನಲ್ಲಿ ನಡೆಯುವಂತೆ ನಡೆದುಹೋಗುತ್ತಿದ್ದಳು.

ನಾನು ದಡದಲ್ಲಿ ಕೂತು ಕೈಗವಸು ತೆಗೆದು ಮುಟ್ಟಿದೆ. ಒಂದು ಗೇಣು ಕೆಳಗೆ ಒಂದು ಹಸಿರು ಗಿಡದ ಎಸಳು, ಅದರ ಸುತ್ತ ಗಾಳಿಯ ಗುಳ್ಳೆಗಳು, ಎಲ್ಲವೂ ಇದ್ದಲ್ಲೇ ನಿಂತಿದ್ದವು. ನೀರು ಘನವಾಗುತ್ತದೆ ಎಂದು ಎಷ್ಟೋ ವರ್ಷ ಪಾಠದಲ್ಲಿ ಓದಿದ್ದೆ, ಮಗಳಿಗೂ ಓದಿಸಿದ್ದೆ. ಆ ಮಾತಿನ ಅರ್ಥ ಇದು ಎಂದು ನನಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಚಳಿಗೆ ಅಂದುಕೊಳ್ಳಲಿ ಎಂದು ಒರೆಸಿಕೊಳ್ಳಲಿಲ್ಲ.

ಪಂದ್ಯ ಮಾರನೆಯ ದಿನ. ಊರವರು ಕಂಬಳಿ ಹೊದ್ದು, ಫ್ಲಾಸ್ಕಿನಲ್ಲಿ ಉಪ್ಪು ಚಹಾ ಹಿಡಿದು ದಡದ ತುಂಬ ಕೂತಿದ್ದರು. ಅಲ್ಲಿನ ಮಕ್ಕಳು ನಡೆಯಲು ಕಲಿತಾಗಿನಿಂದ ಐಸಿನ ಮೇಲಿರುವವರು. ಮೊದಲ ಐದು ನಿಮಿಷದಲ್ಲೇ ಎರಡು ಗೋಲು ಬಿದ್ದವು. ಎರಡು ಸಲವೂ ನಮ್ಮ ಹುಡುಗಿಗೆ ಬಿಲ್ಲೆ ಬರುವ ದಿಕ್ಕು ಗೊತ್ತಾಗಿತ್ತು. ಆ ಕಡೆ ಹೋಗಬೇಕೆಂದು ಕಾಲೆತ್ತಿದರೆ ಅಲಗು ಜಾರಿ ದೊಪ್ಪನೆ ಬಿದ್ದಳು. ಎರಡನೆಯ ಸಲ ಬಿದ್ದವಳು ಬೇಗ ಏಳಲಿಲ್ಲ.

ಅವಳು ಎದ್ದು ನಿಲ್ಲಲೇ ಇಲ್ಲ. ಮಂಡಿಯ ಮೇಲೆ ಕೂತಳು. ಕೂತಲ್ಲೇ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಜಾರಿ ನೋಡಿದಳು. ಐಸಿನ ಮೇಲೆ ಮಂಡಿ ಸಲೀಸಾಗಿ ಓಡಿತು. ಮುಂದಿನ ಏಟು ಬಂದಾಗ ಅವಳು ಆಗಲೇ ಆ ಬದಿಗಿದ್ದಳು. ಆಮೇಲಿನದಕ್ಕೂ.

"ಸರಿ! ಅದೇ ಸರಿ!" ಎಂದು ಲಡಾಖಿನವನು ದಡದಿಂದ ಕನ್ನಡದಲ್ಲೇ ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ದೊಡ್ಡ ಆಟಗಾರರು ಹೀಗೇ ಕಾಯೋದು. ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ," ಎಂದ.

ಆಟ ಮುಗಿಯುವವರೆಗೂ ಮತ್ತೆ ಒಂದು ಗೋಲೂ ಆಗಲಿಲ್ಲ. ನಮಗೂ ಒಂದೂ ಸಿಗಲಿಲ್ಲ, ಸೋತೆವು. ಆದರೆ ಕೊನೆಯ ಹತ್ತು ನಿಮಿಷ ದಡದಲ್ಲಿದ್ದ ಜನ ತಮ್ಮ ಮಕ್ಕಳನ್ನು ಬಿಟ್ಟು ನಮ್ಮ ಗೋಲನ್ನೇ ನೋಡುತ್ತಿದ್ದರು. ಅವಳು ಒಂದೊಂದು ಏಟು ತಡೆದಾಗಲೂ ಅಲ್ಲಿಯ ಮುದುಕರು ತಮ್ಮ ಭಾಷೆಯಲ್ಲಿ ಏನೋ ಹೇಳಿ ತಲೆದೂಗುತ್ತಿದ್ದರು. ಪಂದ್ಯದ ಬಳಿಕ ಲಡಾಖಿನವನ ತಾಯಿ ಬಂದು ಹುಡುಗಿಯ ಕೈಗವಸನ್ನು ತಾನೇ ಬಿಚ್ಚಿ, ಅಂಗೈಯನ್ನು ತಿರುಗಿಸಿ ನೋಡಿದಳು. ಏನೋ ಕೇಳಿದಳು.

"ಇದು ಯಾರ ಮಗಳು ಅಂತ ಕೇಳ್ತಾ ಇದಾರೆ," ಎಂದ ಮಗ.

"ನೇಕಾರರ ಮಗಳು ಅಂತ ಹೇಳ್ರಿ ಸರ್," ಎಂದಳು ಹುಡುಗಿ, ನಾನು ಬಾಯಿ ತೆರೆಯುವ ಮುಂಚೆ.

ಸಂಜೆ ಸೂರ್ಯ ಬೆಟ್ಟದ ಹಿಂದೆ ಸರಿಯುತ್ತಿದ್ದಂತೆ ಕೆರೆಯೊಳಗಿಂದ ಗುಡುಗಿನಂಥ ಸದ್ದು ಹೊರಟು ಈ ದಡದಿಂದ ಆ ದಡಕ್ಕೆ ಹರಿದುಹೋಯಿತು. ಮಕ್ಕಳು ಹೆದರಿ ನನ್ನನ್ನು ಹಿಡಿದುಕೊಂಡರು. ಚಳಿ ಏರಿದಾಗ ಐಸು ಬಿಗಿಯುವ ಸದ್ದು ಅದು, ಭಯವಿಲ್ಲ ಎಂದ ಅವನು. ಅಷ್ಟು ದೊಡ್ಡ ದನಿಯನ್ನು ನಾನು ಗುಡುಗಿನಲ್ಲೂ ಕೇಳಿಲ್ಲ. ಕತ್ತಲಾಗುವವರೆಗೆ ನಾವೆಲ್ಲ ಅಲ್ಲೇ ನಿಂತು ಕೇಳಿದೆವು.

ಅದಾಗಿ ವರ್ಷದೊಳಗೆ ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಅವನನ್ನು ಕಳಿಸಿಕೊಡುವ ದಿನ ಮೂರೂ ತಂಡದ ಮಕ್ಕಳು ಬಂದಿದ್ದರು. ಅವನು ಹೋದ ಮೇಲೆ ಲೀಗ್ ನಿಂತೇಹೋಗುತ್ತದೆಂದು ನಾನು ತಿಳಿದಿದ್ದೆ. ನಿಲ್ಲಲಿಲ್ಲ. ನನ್ನ ಮಗಳ ವಯಸ್ಸಿನವರು ಈಗ ಕಿರಿಯರ ಲೀಗ್ ದಾಟಿದ್ದಾರೆ, ಅವರೇ ಈಗ ಕಲಿಸುತ್ತಾರೆ. ಮೊಳಕಾಲ್ಮುರಿನ ಹುಡುಗಿ ಕಾಲೇಜು ಓದುತ್ತಾ ಮೂರೂ ಊರಿನ ಗೋಲಿಗಳನ್ನು ತಯಾರು ಮಾಡುತ್ತಾಳೆ. "ಬಿಲ್ಲೆ ನೋಡಬ್ಯಾಡ್ರೋ, ಭುಜ ನೋಡ್ರೋ!" ಎಂಬ ಅವಳ ಕೂಗು ರಸ್ತೆಗೆ ಕೇಳುತ್ತದೆ.

ಹೋದ ವರ್ಷ ನಮ್ಮ ತಾಲ್ಲೂಕಿನ ನನ್ನಿವಾಳ ಎಂಬ ಹಳ್ಳಿಯಿಂದ ಕೆಲವರು ತಂದೆತಾಯಂದಿರು ಶಾಲೆಗೆ ಬಂದರು. ತಮ್ಮ ಮಕ್ಕಳಿಗೂ ಒಂದು ತಂಡ ಬೇಕಂತೆ.

"ಆಡೋಕೆ ನುಣುಪಾದ ನೆಲ ಬೇಕಲ್ಲಮ್ಮ, ನಿಮ್ಮೂರಾಗೆ ಎಲ್ಲೈತೆ?" ಎಂದೆ.

ಮುಂದೆ ನಿಂತಿದ್ದ ಹೆಂಗಸು ನಕ್ಕಳು. "ಊರಿನವರ ಮನೆಗೆಲ್ಲ ಗಾರೆ ಮಾಡೋರು ನಾವೇ ಅಲ್ವೇನ್ರಿ ಮಿಸ್? ನಮ್ಮ ಮಕ್ಕಳಿಗೆ ಒಂದು ನೆಲ ಮಾಡ್ಕೊಳ್ಳೋಕಾಗಲ್ವಾ?"

ಅವರೂರ ಶಾಲೆಯ ಹಿಂದಿನ ಜಾಗಕ್ಕೆ ಪಂಚಾಯಿತಿ ಒಪ್ಪಿತು. ಒಂದು ಭಾನುವಾರ ನಾನು, ಅಪ್ಪ ನೋಡಲು ಹೋದೆವು. ಕೂಲಿಗೆ ಹೋಗುವ ಹೆಂಗಸರು, ಗಂಡಸರು ಇಪ್ಪತ್ತು ಮಂದಿ ಒಂದೇ ಸಾಲಿನಲ್ಲಿ ಮಂಡಿಯೂರಿ ಕೂತು, ಕರಣೆಯಿಂದ ಹಸಿ ಸಿಮೆಂಟನ್ನು ಸವರುತ್ತಾ ಹಿಂದಕ್ಕೆ ಸರಿಯುತ್ತಿದ್ದರು. ಅವರ ಮುಂದೆ ನೆಲ ಅಂಗುಲ ಅಂಗುಲವಾಗಿ ಹೊಳೆಯುತ್ತಾ ಅಗಲವಾಗುತ್ತಿತ್ತು. ಯಾರೂ ಅಳತೆಗೋಲು ಹಿಡಿದಿರಲಿಲ್ಲ. ಕಣ್ಣಳತೆಯಲ್ಲೇ ಆ ತುದಿಯಿಂದ ಈ ತುದಿಯವರೆಗೆ ಒಂದು ಏರಿಲ್ಲ, ಒಂದು ತಗ್ಗಿಲ್ಲ. ಅಂದು ಶಾಲೆಗೆ ಬಂದಿದ್ದ ಆ ಹೆಂಗಸಿನ ಹತ್ತಿರ ಅಪ್ಪ ಹೋಗಿ, "ಎಲ್ಲಿ ಕಲಿತ್ರಮ್ಮ ಈ ಕೈಚಳಕಾನ?" ಎಂದು ಕೇಳಿದರು. ಅವಳು ತಲೆಯೆತ್ತದೆ, "ಕೆಲಸ ಮಾಡ್ತಾ ಮಾಡ್ತಾ ಬಂತ್ರಿ ಯಜಮಾನ್ರೇ," ಎಂದಳು.

ನೆಲ ಗಟ್ಟಿಯಾಗಲೆಂದು ಎರಡು ವಾರ ಅದರ ಮೇಲೆ ನೀರು ಕಟ್ಟಿ ಬಿಟ್ಟರು. ನಮ್ಮ ಕಣದಲ್ಲಿ ಆಗಲೇ ಕಲಿಯುತ್ತಿದ್ದ ನನ್ನಿವಾಳದ ಮಕ್ಕಳು ಅಷ್ಟೂ ದಿನ ನಾವು ಕೊಟ್ಟ ಶೂ ಹೆಗಲಿಗೆ ಹಾಕಿಕೊಂಡು ಅಂಚಿನಲ್ಲಿ ಕೂತು ನೀರೊಳಗಿನ ನೆಲವನ್ನು ನೋಡುತ್ತಿದ್ದರಂತೆ. ಮೂರನೆಯ ಭಾನುವಾರ ಅದೇ ನೆಲದಲ್ಲಿ ಅವರ ಮೊದಲ ಪಂದ್ಯ ನಮ್ಮ ಚಳ್ಳಕೆರೆ ತಂಡದ ಎದುರಿಗೇ ನಡೆಯಿತು. ಏಳು ಗೋಲಿನಿಂದ ಸೋತರು. ಸೋತ ಮೇಲೂ ಯಾರೂ ಶೂ ಬಿಚ್ಚಲಿಲ್ಲ. ಬಿಸಿಲೇರುವವರೆಗೂ ತಮ್ಮವರು ಕಟ್ಟಿದ ನೆಲದ ಮೇಲೆ ಸುತ್ತುತ್ತಲೇ ಇದ್ದರು.